ಆರೋಗ್ಯವಿಮೆಯ ಫಲವನ್ನು ಅಳೆಯುವ ಬಗೆ

ರಾಷ್ಟ್ರಮಟ್ಟದ ಆರೋಗ್ಯವಿಮೆಯ ಕಾಯಿದೆಯೊಂದು ಯಾವ ದೇಶದಲ್ಲಿಯೇ ಬರಲಿ, ಅದರ ಬೆನ್ನಿಗೇ ದೊಡ್ಡದೊಂದು ವಾಗ್ವಾದವೂ ಬರುತ್ತದೆ. ಇದರಿಂದ ಬಡವರ ಪ್ರಾಣ ಉಳಿಯುತ್ತದೆಂದು ಒಂದು ಪಕ್ಷ ಸಾರಿದರೆ, ಬೊಕ್ಕಸ ಬರಿದಾಗುವುದೇ ಹೊರತು ಒಬ್ಬನ ಆರೋಗ್ಯವೂ ಸುಧಾರಿಸದೆಂದು ಇನ್ನೊಂದು ಪಕ್ಷ ಹೇಳುತ್ತದೆ. ಎರಡು ಪಕ್ಷಗಳೂ ಅಂಕಿಗಳನ್ನೇ ಮುಂದೊಡ್ಡುತ್ತವೆ. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಅಳತೆ ಎಂದರೇನು, ಅಳತೆಯಲ್ಲಿ ದೋಷವೆಷ್ಟು, ಒಂದು ಅಂಕಿಯಿಂದ ಎಷ್ಟನ್ನು ಮಾತ್ರ ಹೇಳಬಹುದು ಎಂಬ ಪ್ರಶ್ನೆಗಳು ಪ್ರಯೋಗಶಾಲೆಗೆ ಮಾತ್ರ ಸೇರಿದವಲ್ಲ ಎಂಬುದೇ ನಮ್ಮ ಉತ್ತರ. ಆದುದರಿಂದ ರಾಜಕೀಯದ ಭಾಗವನ್ನು ಬಲ್ಲವರಿಗೆ ಬಿಟ್ಟು, ಅಳತೆಯ ಭಾಗವನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ವಿಮೆ ನಿಂತಿರುವ ತಳಹದಿಯನ್ನು ನೋಡೋಣ. ಒಂದು ಸಾವಿರ ಜನರಿರುವ ಹಳ್ಳಿಯಲ್ಲಿ ಪ್ರತಿಯೊಬ್ಬನಿಗೂ ಒಂದು ವರ್ಷದಲ್ಲಿ ದೊಡ್ಡ ಕಾಯಿಲೆ ಬರುವ ಸಂಭವ ನೂರರಲ್ಲಿ ಒಂದು ಎಂದೂ, ಬಂದರೆ ತಗಲುವ ವೆಚ್ಚ ಒಂದು ಲಕ್ಷ ರೂಪಾಯಿ ಎಂದೂ ಇಟ್ಟುಕೊಳ್ಳೋಣ. ತಲೆಗೆ ಸಾವಿರ ರೂಪಾಯಿ ಕಂತು ಕಟ್ಟಿದರೆ ಸರಾಸರಿ ಲೆಕ್ಕ ಸರಿಹೋಗುತ್ತದೆ. ಆದರೆ ಕಾಯಿಲೆ ಬೀಳುವವರು ಪ್ರತಿ ವರ್ಷವೂ ಹತ್ತೇ ಮಂದಿ ಇರುವುದಿಲ್ಲ. ಇಂಥ ಎಣಿಕೆಗಳಲ್ಲಿ ಚದುರಿಕೆಯು ಸರಾಸರಿಯ ವರ್ಗಮೂಲದಷ್ಟಿರುತ್ತದೆ. ಹತ್ತರ ವರ್ಗಮೂಲ ಮೂರಕ್ಕಿಂತ ಸ್ವಲ್ಪ ಹೆಚ್ಚು. ಒಂದು ವರ್ಷ ಏಳು ಮಂದಿ ಮಲಗಿದರೆ ಮತ್ತೊಂದು ವರ್ಷ ಹದಿನಾಲ್ಕು ಮಂದಿ ಮಲಗಬಹುದು, ಆಗ ಹಳ್ಳಿಯ ನಿಧಿ ಮುರಿದುಬೀಳುತ್ತದೆ. ಅದೇ ಹತ್ತು ಲಕ್ಷ ಜನರನ್ನು ಒಂದುಗೂಡಿಸಿದರೆ ಸರಾಸರಿ ಹತ್ತು ಸಾವಿರ, ಚದುರಿಕೆ ನೂರು. ಅಂದರೆ ನೂರಕ್ಕೆ ಒಂದು ಪಾಲು ಮಾತ್ರ. ಯಾರು ಕಾಯಿಲೆ ಬೀಳುವರೆಂಬುದು ಯಾರಿಗೂ ತಿಳಿಯದಿದ್ದರೂ, ಎಷ್ಟು ಮಂದಿ ಬೀಳುವರೆಂಬುದು ಬಹುಮಟ್ಟಿಗೆ ಖಚಿತವಾಗುತ್ತದೆ. ಅನಿಲದ ಒಂದೊಂದು ಅಣುವಿನ ಗತಿ ತಿಳಿಯದೆಯೂ ನಾವು ಅದರ ಒತ್ತಡವನ್ನು ಕರಾರುವಾಕ್ಕಾಗಿ ಹೇಳುವುದಿಲ್ಲವೆ? ಹಾಗೆಯೇ ಇದು.

ಅಣುಗಳಿಗೂ ಮನುಷ್ಯರಿಗೂ ಒಂದು ವ್ಯತ್ಯಾಸವುಂಟು. ಅಣುವಿಗೆ ತನ್ನ ಸ್ಥಿತಿಯ ಅರಿವಿಲ್ಲ, ಮನುಷ್ಯನಿಗೆ ಉಂಟು. ಮೇಲಿನ ಜನರಲ್ಲಿ ಅರ್ಧದಷ್ಟು ಮಂದಿ ಗಟ್ಟಿಮುಟ್ಟಾದವರು, ಅವರ ಸಂಭವ ಇನ್ನೂರರಲ್ಲಿ ಒಂದು. ಉಳಿದರ್ಧ ಮಂದಿ ದುರ್ಬಲರು, ಅವರ ಸಂಭವ ಇನ್ನೂರರಲ್ಲಿ ಮೂರು ಎನ್ನೋಣ. ಸರಾಸರಿ ಮೊದಲಿನಂತೆಯೇ ನೂರರಲ್ಲಿ ಒಂದು, ಕಂತು ಸಾವಿರ ರೂಪಾಯಿ. ಆದರೆ ಗಟ್ಟಿಮುಟ್ಟಾದವನ ಅಪಾಯದ ಬೆಲೆ ಐನೂರು ರೂಪಾಯಿ ಮಾತ್ರ. ಅವನು ಲೆಕ್ಕ ಹಾಕಿ ಹೊರನಡೆದರೆ ಉಳಿದವರ ಕಂತು ಸಾವಿರದೈನೂರಕ್ಕೆ ಏರುತ್ತದೆ. ದುರ್ಬಲರಲ್ಲಿಯೂ ಕೊಂಚ ವಾಸಿಯಾದವರು ಆಗ ಹೊರಡುತ್ತಾರೆ. ಕಂತು ಮತ್ತೆ ಏರುತ್ತದೆ. ಹೀಗೆ ಸುಳಿಯೊಂದು ಹುಟ್ಟಿ ವಿಮೆಯನ್ನೇ ನುಂಗಬಹುದು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 2010ರ ಮಾರ್ಚ್ 23ರಂದು ಅಧ್ಯಕ್ಷ ಒಬಾಮಾ ಅವರು ಸಹಿ ಹಾಕಿದ ಆರೋಗ್ಯವಿಮೆಯ ಕಾಯಿದೆಯನ್ನು ಈ ಸುಳಿಯನ್ನು ಕಟ್ಟಿಹಾಕುವ ಯಂತ್ರವೆಂದೇ ತಿಳಿಯಬಹುದು. ರೋಗವಿರುವವರನ್ನು ಕಂಪನಿಗಳು ತಿರಸ್ಕರಿಸಕೂಡದು, ಎಲ್ಲರೂ ವಿಮೆ ಮಾಡಿಸಬೇಕು ಅಥವಾ ದಂಡ ತೆರಬೇಕು, ಶಕ್ತಿಯಿಲ್ಲದವರ ಕಂತಿಗೆ ಸರಕಾರ ನೆರವಾಗಬೇಕು ಎಂಬ ಮೂರು ಕಾಲುಗಳ ಮೇಲೆ ಅದು ನಿಂತಿತು. ಇದರ ಜೊತೆಗೆ ಬಡವರಿಗಾಗಿ ಮೊದಲಿನಿಂದಲೂ ಇದ್ದ ಮೆಡಿಕೇಡ್ ಯೋಜನೆಯನ್ನು ವಿಸ್ತರಿಸಲಾಯಿತು. ಈ ವಿಸ್ತರಣೆಯನ್ನು ಒಪ್ಪುವುದು ಬಿಡುವುದು ಆಯಾ ರಾಜ್ಯಕ್ಕೆ ಸೇರಿದ್ದೆಂದು 2012ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2010ರಲ್ಲಿ ಸುಮಾರು 4.8 ಕೋಟಿ ಇದ್ದ ವಿಮೆಯಿಲ್ಲದವರ ಸಂಖ್ಯೆ 2016ರ ವೇಳೆಗೆ ಮೂರು ಕೋಟಿಗಿಂತ ಕೆಳಗಿಳಿಯಿತು. ದಂಡವನ್ನು 2019ರಿಂದ ಸೊನ್ನೆಗೆ ಇಳಿಸಿದಾಗ, ಒಂದು ಕಾಲು ಮುರಿಯಿತು, ಇನ್ನು ಪೀಠ ಉರುಳಿತೆಂದು ಅನೇಕರು ಎಣಿಸಿದ್ದರು, ಅದು ಉರುಳಲಿಲ್ಲ. ಕಂತಿನ ಬಹುಭಾಗವನ್ನು ಸರಕಾರವೇ ಕೊಡುತ್ತಿದ್ದಾಗ ಗಟ್ಟಿಮುಟ್ಟಾದವನಿಗೂ ಹೊರನಡೆಯಲು ಕಾರಣ ಕಡಮೆಯಾಗಿತ್ತು. ಸುಳಿಯ ಸಿದ್ಧಾಂತ ಸುಳ್ಳಾಗಲಿಲ್ಲ. ಮೂರು ಕಾಲುಗಳಲ್ಲಿ ಯಾವುದರ ಮೇಲೆ ಎಷ್ಟು ಭಾರವಿದೆ ಎಂಬ ಅಂದಾಜು ತಪ್ಪಾಗಿತ್ತು.

ಇಲ್ಲಿಯವರೆಗೆ ನಾವು ಹೇಳಿದುದು ವಿಮೆಯು ನಡೆಯುವ ಬಗೆಯನ್ನು. ಅದರಿಂದ ಜನರ ಆರೋಗ್ಯಕ್ಕೆ ಆಗುವ ಲಾಭವೇನು? ವಿಮೆ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿ ನೋಡಿದರಾಯಿತಲ್ಲ ಎಂದು ತೋರಬಹುದು. ಆದರೆ ಆ ಹೋಲಿಕೆ ಮೋಸಗೊಳಿಸುತ್ತದೆ. ವಿಮೆ ಉಳ್ಳವನು ಸಾಮಾನ್ಯವಾಗಿ ಹೆಚ್ಚು ಸಂಬಳದವನು, ಹೆಚ್ಚು ಓದಿದವನು. ಅವನು ವಿಮೆಯಿಲ್ಲದೆಯೂ ಹೆಚ್ಚು ಕಾಲ ಬಾಳುತ್ತಿದ್ದನೋ ಏನೋ. ಇನ್ನೊಂದು ಕಡೆ, ಕಾಯಿಲೆಯವನೇ ಹುಡುಕಿಕೊಂಡು ಹೋಗಿ ವಿಮೆ ಮಾಡಿಸಿದ್ದರೆ ವಿಮೆಯಿಂದಲೇ ರೋಗ ಬರುತ್ತದೆಂಬಂತೆ ಅಂಕಿಗಳು ತೋರುತ್ತವೆ. ಈ ಎರಡು ದೋಷಗಳನ್ನೂ ಒಟ್ಟಿಗೆ ನಿವಾರಿಸಲು ಒಂದೇ ನಿಶ್ಚಿತ ಉಪಾಯವುಂಟು: ಯಾರಿಗೆ ವಿಮೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು.

ಇದನ್ನು ಬೇಕೆಂದೇ ಮಾಡಿದ ಮೊದಲನೆಯ ದೊಡ್ಡ ಪ್ರಯೋಗ ಅಮೆರಿಕದ ರ‍್ಯಾಂಡ್ ಸಂಸ್ಥೆಯದು. 1974ರಿಂದ 1982ರವರೆಗೆ ನಡೆದ ಅದರಲ್ಲಿ ಎರಡು ಸಾವಿರಕ್ಕೂ ಮಿಕ್ಕ ಕುಟುಂಬಗಳಿಗೆ ಬೇರೆಬೇರೆ ಬಗೆಯ ವಿಮೆಯನ್ನು ಹಂಚಲಾಯಿತು. ಕೆಲವರಿಗೆ ಚಿಕಿತ್ಸೆ ಪೂರ್ಣ ಉಚಿತ. ಕೆಲವರು ಒಂದು ಮಿತಿಯವರೆಗೆ ವೆಚ್ಚದ ಶೇ. 95ರಷ್ಟನ್ನು ತಾವೇ ಕೊಡಬೇಕು. ಉಚಿತದವರಿಗಿಂತ ಇವರ ವೆಚ್ಚ ಸುಮಾರು ಶೇ. 30ರಷ್ಟು ಕಡಮೆಯಾಯಿತು, ಆರೋಗ್ಯದಲ್ಲಿ ಸರಾಸರಿಯಾಗಿ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡವರೂ ರಕ್ತದೊತ್ತಡದ ರೋಗಿಗಳೂ ಆದವರಿಗೆ ಉಚಿತ ಚಿಕಿತ್ಸೆಯಿಂದ ಲಾಭವಾಗಿತ್ತು. ಸರಾಸರಿ ಎಂಬುದು ಇಂಥವರನ್ನು ಮರೆಸಿಬಿಡುತ್ತದೆ.

ಎರಡನೆಯ ಪ್ರಯೋಗ ತಾನಾಗಿಯೇ ಒದಗಿತು. 2008ರಲ್ಲಿ ಒರೆಗಾನ್ ರಾಜ್ಯದ ಮೆಡಿಕೇಡ್ ಯೋಜನೆಯಲ್ಲಿ ಸುಮಾರು 10,000 ಸ್ಥಳಗಳಿದ್ದು, ಹೆಸರು ಬರೆಸಿದವರು ಸುಮಾರು 90,000 ಮಂದಿ ಇದ್ದರು. ಚೀಟಿ ಎತ್ತುವುದೇ ನ್ಯಾಯವೆಂದು ಸರಕಾರ ತೀರ್ಮಾನಿಸಿತು. ಸಂಶೋಧಕರಿಗೆ ಇದಕ್ಕಿಂತ ದೊಡ್ಡ ವರವಿಲ್ಲ. ಗೆದ್ದವರನ್ನೂ ಸೋತವರನ್ನೂ ಅವರು ಹಿಂಬಾಲಿಸಿ, ಪೋರ್ಟ್‌ಲ್ಯಾಂಡ್ ನಗರದ ಸುತ್ತಿನ 12,229 ಮಂದಿಯ ರಕ್ತವನ್ನೂ ರಕ್ತದೊತ್ತಡವನ್ನೂ ಸುಮಾರು ಎರಡು ವರ್ಷಗಳ ಬಳಿಕ ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಫಲ ಹೀಗಿತ್ತು: ವಿಮೆ ಪಡೆದವರಲ್ಲಿ ಖಿನ್ನತೆ ಸುಮಾರು ಶೇ. 30ರಷ್ಟು ತಗ್ಗಿತು; ಸಂಸಾರವನ್ನು ಮುಳುಗಿಸುವಂಥ ವೈದ್ಯಕೀಯ ವೆಚ್ಚ ಬಹುಮಟ್ಟಿಗೆ ಇಲ್ಲವಾಯಿತು; ಸಕ್ಕರೆ ಕಾಯಿಲೆಯನ್ನು ಕಂಡುಹಿಡಿದದ್ದು, ಅದಕ್ಕೆ ಔಷಧ ಕೊಟ್ಟದ್ದು ಹೆಚ್ಚಾಯಿತು; ಆದರೆ ರಕ್ತದೊತ್ತಡ, ಕೊಲೆಸ್ಟರಾಲ್, ರಕ್ತದ ಸಕ್ಕರೆ ಇವುಗಳಲ್ಲಿ ಗಣ್ಯವಾದ ಬದಲಾವಣೆ ಕಾಣಲಿಲ್ಲ. ವಿಮೆ ಬಂದರೆ ಜನ ಮೊದಲೇ ವೈದ್ಯರ ಬಳಿಗೆ ಹೋಗುವರು, ಆಸ್ಪತ್ರೆಯ ತುರ್ತು ವಿಭಾಗದ ನೂಕುನುಗ್ಗಲು ಇಳಿಯುವುದು ಎಂದು ಸುಧಾರಣೆಯ ಪಕ್ಷದವರು ಹೇಳುತ್ತಿದ್ದರು. 2014ರಲ್ಲಿ ಹೊರಬಂದ ಲೆಕ್ಕದ ಪ್ರಕಾರ ಅದು ಸುಮಾರು ಶೇ. 40ರಷ್ಟು ಏರಿತ್ತು! ಬಾಗಿಲು ತೆರೆದಾಗ ಜನ ಎಲ್ಲ ಬಾಗಿಲುಗಳಿಂದಲೂ ಬರುತ್ತಾರೆ.

ಎರಡು ಪಕ್ಷಗಳೂ ಇದರಲ್ಲಿ ತಮ್ಮ ವಿಜಯವನ್ನೇ ಕಂಡವು. ರಕ್ತದ ಪರೀಕ್ಷೆಯಲ್ಲಿ ಏನೂ ಬದಲಾಗಲಿಲ್ಲ, ಆದುದರಿಂದ ವಿಮೆ ನಿಷ್ಫಲ ಎಂದು ಒಂದು ಪಕ್ಷ ಹೇಳಿತು. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಸಕ್ಕರೆಯ ಮಟ್ಟ ಮಿತಿಮೀರಿದವರ ಪ್ರಮಾಣ ಸೋತವರಲ್ಲಿ ಶೇ. 5.1. ವಿಮೆಯಿಂದಾದ ಬದಲಾವಣೆಯ ಅಂದಾಜು ಸುಮಾರು 0.9ರಷ್ಟು ಇಳಿಕೆ; ಆದರೆ ಅನಿಶ್ಚಿತತೆಯ ಮೇರೆಗಳು 2.4ರಷ್ಟು ಇಳಿಕೆಯಿಂದ ಹಿಡಿದು 0.6ರಷ್ಟು ಏರಿಕೆಯವರೆಗೆ ಚಾಚಿದ್ದವು. ಅಂದರೆ ರೋಗಿಗಳ ಪ್ರಮಾಣ ಅರ್ಧಕ್ಕೆ ಹತ್ತಿರ ಇಳಿದಿರುವುದೂ ಈ ಅಳತೆಗೆ ವಿರೋಧವಲ್ಲ, ತುಸು ಏರಿರುವುದೂ ವಿರೋಧವಲ್ಲ. ‘ಪರಿಣಾಮ ಕಾಣಲಿಲ್ಲ’ ಎಂಬುದಕ್ಕೂ ‘ಪರಿಣಾಮ ಇಲ್ಲ’ ಎಂಬುದಕ್ಕೂ ನಡುವಣ ಅಂತರ ಇದು. ಮಿಲಿಮೀಟರ್ ಗುರುತುಗಳ ಅಳತೆಪಟ್ಟಿಯಿಂದ ಕೂದಲಿನ ದಪ್ಪವನ್ನು ಅಳೆಯಹೊರಟ ವಿದ್ಯಾರ್ಥಿ ಕೂದಲಿಗೆ ದಪ್ಪವೇ ಇಲ್ಲವೆಂದು ದಾಖಲೆಪುಸ್ತಕದಲ್ಲಿ ಬರೆದರೆ ನಾವು ಅಂಕ ಕೊಡುವುದಿಲ್ಲ.

ಅಳತೆ ಇಷ್ಟು ಮಸುಕಾದುದಕ್ಕೆ ಮತ್ತೊಂದು ಕಾರಣವಿದೆ. ಚೀಟಿಯಲ್ಲಿ ಗೆದ್ದವರೆಲ್ಲ ವಿಮೆ ಪಡೆಯಲಿಲ್ಲ. ಕೆಲವರು ಅರ್ಜಿ ತುಂಬಲಿಲ್ಲ, ಕೆಲವರು ಅರ್ಹರಾಗಲಿಲ್ಲ. ಗೆದ್ದವರಿಗೂ ಸೋತವರಿಗೂ ನಡುವೆ ವಿಮೆಯ ವ್ಯತ್ಯಾಸ ನೂರಕ್ಕೆ ಸುಮಾರು ಇಪ್ಪತ್ತೈದು ಮಂದಿ ಮಾತ್ರ. ಆದುದರಿಂದ ಪರಿಣಾಮದ ಸಂಕೇತ ನಾಲ್ಕನೆಯ ಒಂದು ಭಾಗಕ್ಕೆ ಕುಗ್ಗಿತು. ಚದುರಿಕೆ ವರ್ಗಮೂಲದ ನಿಯಮವನ್ನು ಅನುಸರಿಸುವುದರಿಂದ, ನಾಲ್ಕು ಪಟ್ಟು ಕುಗ್ಗಿದ ಸಂಕೇತವನ್ನು ಅಷ್ಟೇ ಸ್ಪಷ್ಟವಾಗಿ ಕಾಣಬೇಕಾದರೆ ಹದಿನಾರು ಪಟ್ಟು ಜನ ಬೇಕು.

ಅಷ್ಟು ಜನ ಮುಂದೆ ದೊರೆತರು. ವಿಮೆ ಮಾಡಿಸದೆ ದಂಡ ತೆತ್ತ ಅಮೆರಿಕದ ಸುಮಾರು 45 ಲಕ್ಷ ಕುಟುಂಬಗಳಿಗೆ ತಿಳಿವಳಿಕೆಯ ಪತ್ರ ಬರೆಯಲು ಅಲ್ಲಿನ ತೆರಿಗೆ ಇಲಾಖೆ 2016–17ರ ಚಳಿಗಾಲದಲ್ಲಿ ಮುಂದಾಯಿತು. ಎಲ್ಲರಿಗೂ ಬರೆಯಲು ಹಣ ಸಾಲದೆ, ಚೀಟಿಯ ಕ್ರಮದಿಂದಲೇ ಕೆಲವರನ್ನು ಬಿಟ್ಟು, 39 ಲಕ್ಷ ಕುಟುಂಬಗಳಿಗೆ ಕಳುಹಿಸಿತು. ಪತ್ರ ಓದಿ ವಿಮೆ ಮಾಡಿಸಿದವರು ಸ್ವಲ್ಪವೇ ಮಂದಿ. ಆದರೂ 45ರಿಂದ 64 ವರ್ಷದೊಳಗಿನವರಲ್ಲಿ, ಪತ್ರ ಪಡೆದ ಪ್ರತಿ 1,648 ಮಂದಿಗೆ ಒಂದು ಸಾವು ಎರಡು ವರ್ಷಗಳಲ್ಲಿ ತಪ್ಪಿತೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇದನ್ನು ಸಣ್ಣ ಗುಂಪಿನಲ್ಲಿ ಏಕೆ ಕಾಣಲಾಗದು? ಈ ವಯಸ್ಸಿನವರಲ್ಲಿ ಎರಡು ವರ್ಷಗಳಲ್ಲಿ ನೂರಕ್ಕೆ ಒಬ್ಬರು ಸಾಯುವರೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಹತ್ತು ಸಾವಿರ ಜನರಲ್ಲಿ ಸಾವು ನೂರು, ಚದುರಿಕೆ ಹತ್ತು. ತಪ್ಪಿದ ಸಾವುಗಳು ಆರು. ಆರು ಹತ್ತರೊಳಗೆ ಮುಳುಗಿಹೋಗುತ್ತದೆ. ಹತ್ತು ಲಕ್ಷದಲ್ಲಾದರೋ ಸಾವು ಹತ್ತು ಸಾವಿರ, ಚದುರಿಕೆ ನೂರು. ತಪ್ಪಿದವು ಸುಮಾರು ಆರುನೂರು. ಕಿವಿಗೆ ಕೇಳದಿದ್ದ ಪಿಸುಮಾತು ಈಗ ಸ್ಪಷ್ಟವಾಗಿ ಕೇಳುತ್ತದೆ. ಒಂದು ಅಂಚೆಯ ಪತ್ರದಿಂದ ಇಷ್ಟು ಜೀವ ಉಳಿದದ್ದು ನಮಗಂತೂ ಈ ಕಥೆಯ ಅತ್ಯಂತ ಆಶ್ಚರ್ಯಕರವಾದ ಭಾಗವಾಗಿ ತೋರುತ್ತದೆ.

ನಮ್ಮ ನಾಡೂ ಈ ವಾದಕ್ಕೆ ತನ್ನ ಕಾಣಿಕೆಯನ್ನು ಸಲ್ಲಿಸಿದೆ. ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್ ಮೊದಲಾದ ದೊಡ್ಡ ರೋಗಗಳ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಕರ್ನಾಟಕ ಸರಕಾರ 2010ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಮೊದಲು ಆರಂಭಿಸಿತು. ಆಗ ಯೋಜನೆಯ ಎಲ್ಲೆಗೆರೆಯ ಆಚೆಯೂ ಈಚೆಯೂ ಇದ್ದ ಹಳ್ಳಿಗಳು ಮಣ್ಣು, ಬೆಳೆ, ಬಡತನ ಇವುಗಳಲ್ಲಿ ಒಂದನ್ನೊಂದು ಹೋಲುತ್ತಿದ್ದವು. ಯೋಜನೆ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಇಂಥ 572 ಹಳ್ಳಿಗಳನ್ನು ಸಂಶೋಧಕರು ಹೋಲಿಸಿದರು. ಯೋಜನೆಗೆ ಸೇರಿದ ರೋಗಗಳಿಂದ ಬಡಕುಟುಂಬಗಳಲ್ಲಾದ ಮರಣದ ಪ್ರಮಾಣ ಉತ್ತರದ ಕಡೆ ಶೇ. 0.32, ದಕ್ಷಿಣದ ಕಡೆ ಶೇ. 0.90 ಎಂದು 2014ರಲ್ಲಿ ಅವರು ವರದಿ ಮಾಡಿದರು. ಬಡತನದ ರೇಖೆಗಿಂತ ಮೇಲಿನ, ಅಂದರೆ ಯೋಜನೆಗೆ ಸೇರದ ಕುಟುಂಬಗಳಲ್ಲಿ ಎಲ್ಲೆಯ ಎರಡು ಬದಿಗೂ ವ್ಯತ್ಯಾಸವಿರಲಿಲ್ಲ. ಈ ಎರಡನೆಯ ಹೋಲಿಕೆ ಬಹಳ ಬೆಲೆಯುಳ್ಳದ್ದು. ವ್ಯತ್ಯಾಸ ನೀರಿನಿಂದಲೋ ಹವೆಯಿಂದಲೋ ಬಂದಿದ್ದರೆ ಅದು ಈ ಮನೆಗಳಲ್ಲಿಯೂ ತೋರಬೇಕಿತ್ತು. ಆದರೂ ಗೆರೆಯನ್ನು ಎಳೆದದ್ದು ಸರಕಾರವೇ ಹೊರತು ಚೀಟಿಯಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಚೀಟಿಯ ಪ್ರಯೋಗವೂ ಕರ್ನಾಟಕದಲ್ಲಿಯೇ ನಡೆಯಿತು. ಕೇಂದ್ರ ಸರಕಾರ 2008ರಲ್ಲಿ ಆರಂಭಿಸಿದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯು ಬಡಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿವರೆಗಿನ ಆಸ್ಪತ್ರೆಯ ವೆಚ್ಚವನ್ನು ಕೊಡುತ್ತಿತ್ತು. ಆ ವಿಮೆಯನ್ನು 435 ಹಳ್ಳಿಗಳ ಹತ್ತು ಸಾವಿರಕ್ಕೂ ಮಿಕ್ಕ ಕುಟುಂಬಗಳಲ್ಲಿ ಕೆಲವರಿಗೆ ಉಚಿತವಾಗಿ, ಕೆಲವರಿಗೆ ಬೆಲೆಗೆ ನೀಡಿ, ಕೆಲವರಿಗೆ ನೀಡದೆ ಫಲವನ್ನು ನೋಡಲಾಯಿತು. ಪೂರ್ಣ ಬೆಲೆ ಕೊಟ್ಟು ಕೊಳ್ಳಲು ಸುಮಾರು ಶೇ. 60 ಮಂದಿ ಮುಂದೆ ಬಂದರು. ಹಳ್ಳಿಗರಿಗೆ ವಿಮೆಯ ಅರಿವಿಲ್ಲ ಎನ್ನುವವರು ಈ ಅಂಕಿಯನ್ನು ಗಮನಿಸಲಿ. ಆದರೆ ಆರೋಗ್ಯದ ಅಳತೆಗಳಲ್ಲಿ ಗಣ್ಯವಾದ ವ್ಯತ್ಯಾಸ ಕಾಣಲಿಲ್ಲ. ಚೀಟಿ ಕೈಯಲ್ಲಿದ್ದೂ ಆಸ್ಪತ್ರೆಯಲ್ಲಿ ಅದನ್ನು ಬಳಸಲಾಗದೆ ಹಿಂದಿರುಗಿದವರು ಅನೇಕರಿದ್ದರು.

ಒಂದೇ ರಾಜ್ಯದ ಈ ಎರಡು ಫಲಗಳು ಪರಸ್ಪರ ವಿರುದ್ಧವೆಂದು ಮೊದಲ ನೋಟಕ್ಕೆ ತೋರುತ್ತದೆ. ನಮಗೆ ಹಾಗೆ ತೋರುವುದಿಲ್ಲ. ಮೊದಲನೆಯದು ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವೇ ಹೋಗುವ ರೋಗಗಳನ್ನು ಕುರಿತದ್ದು, ಎರಡನೆಯದು ಸಾಧಾರಣ ಆಸ್ಪತ್ರೆವಾಸವನ್ನು. ಮೊದಲನೆಯದರಲ್ಲಿ ಹೆಸರು ಬರೆಸುವ ತೊಡಕಿರಲಿಲ್ಲ, ಎರಡನೆಯದರಲ್ಲಿ ಇತ್ತು. ‘ಆರೋಗ್ಯವಿಮೆ’ ಎಂಬ ಒಂದೇ ಹೆಸರಿನಿಂದ ಎರಡು ಬೇರೆ ವಸ್ತುಗಳನ್ನು ಕರೆದಿದ್ದೇವೆ, ಅಷ್ಟೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಸ್ಪತ್ರೆಯ ವೆಚ್ಚವನ್ನು ಹೊರುವುದಾಗಿ ಹೇಳಿತು. 2024ರಲ್ಲಿ ಎಪ್ಪತ್ತು ದಾಟಿದ ಎಲ್ಲರಿಗೂ ಅದನ್ನು ವಿಸ್ತರಿಸಲಾಯಿತು. ಈ ವಿಮೆ ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ. ರಕ್ತದೊತ್ತಡದ ರೋಗಿ ದಿನವೂ ನುಂಗುವ ಮಾತ್ರೆ ಅದರ ಹೊರಗಿದೆ. ರ‍್ಯಾಂಡ್ ಪ್ರಯೋಗದಲ್ಲಿ ಲಾಭ ಪಡೆದವನು ಇದೇ ರೋಗಿ ಎಂಬುದನ್ನು ಮೇಲೆ ನೋಡಿದೆವು. ಎಲ್ಲ ರಾಜ್ಯಗಳೂ ಯೋಜನೆಯನ್ನು ಒಂದೇ ದಿನ ಸೇರಲಿಲ್ಲ. ಒಡಿಶಾವೂ ದೆಹಲಿಯೂ ಸೇರಿದ್ದು 2025ರಲ್ಲಿ. ಆದುದರಿಂದ ರಾಜ್ಯಗಳ ಗಡಿಗಳುದ್ದಕ್ಕೂ, ನಮ್ಮ 572 ಹಳ್ಳಿಗಳಂತೆ, ಆಚೆಗೊಂದು ಈಚೆಗೊಂದು ಹಳ್ಳಿಗಳ ಜೋಡಿಗಳು ಹಲವು ವರ್ಷ ನಿಂತಿದ್ದವು. ಆ ವರ್ಷಗಳ ಸಾವುಗಳನ್ನೂ, ಅವುಗಳ ಕಾರಣಗಳನ್ನೂ ಎರಡು ಕಡೆಗಳಲ್ಲಿಯೂ ಒಂದೇ ರೀತಿಯಲ್ಲಿ ಎಣಿಸಿ ಬರೆದಿಟ್ಟಿದ್ದರೆ, ಮಾತ್ರೆಯ ಪ್ರಶ್ನೆಗಲ್ಲದಿದ್ದರೂ ಮಂಚದ ಪ್ರಶ್ನೆಗೆ ಉತ್ತರವನ್ನು ಅವುಗಳಿಂದ ಇಂದಿಗೂ ತೆಗೆಯಬಹುದು.