ಓಟದ ಪರೀಕ್ಷೆಗೆ ಸಿದ್ಧರಾಗುವವರ ಶ್ರಮ, ನಿದ್ರೆ ಮತ್ತು ಆಹಾರ

ಪೊಲೀಸ್ ಹಾಗೂ ಸೇನಾ ನೇಮಕಾತಿಯ ಪ್ರಕಟಣೆ ಹೊರಬಿದ್ದೊಡನೆ ನಮ್ಮ ಹಳ್ಳಿಗಳ ರಸ್ತೆಗಳಲ್ಲಿ ನಸುಕಿನಲ್ಲಿಯೇ ಯುವಕ ಯುವತಿಯರ ಓಟ ಆರಂಭವಾಗುತ್ತದೆ. ರಾಜ್ಯದ ಪೊಲೀಸ್ ಪೇದೆ ಹುದ್ದೆಗೆ ಪುರುಷರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳಲ್ಲಿಯೂ, ಮಹಿಳೆಯರು 400 ಮೀಟರ್ ದೂರವನ್ನು 2 ನಿಮಿಷಗಳಲ್ಲಿಯೂ ಕ್ರಮಿಸಬೇಕು. ಕೆಲವೇ ಸೆಕೆಂಡುಗಳ ಅಂತರದಲ್ಲಿ ಒಂದು ಕುಟುಂಬದ ಆಧಾರ ಕೈತಪ್ಪಬಹುದಾದ್ದರಿಂದ ಭಕ್ತರು ಮಕ್ಕಳನ್ನು ಕರೆತಂದು ಬಲವರ್ಧಕ ಔಷಧಿಯನ್ನು ಕೇಳುತ್ತಾರೆ. ನಾವು ಮೊದಲು ಕೇಳುವುದು ನಿದ್ರೆ ಎಷ್ಟು, ಊಟವೇನು, ವಾರದಲ್ಲಿ ಬಿಡುವೆಷ್ಟು ಎಂಬುದನ್ನು.

ದೇಹದ ಎತ್ತರ, ಸ್ನಾಯುಗಳ ಸ್ವಭಾವ ಇವು ಬಹುಮಟ್ಟಿಗೆ ಹುಟ್ಟಿನಿಂದ ಬಂದವು. ಅವುಗಳ ಕುರಿತು ಚಿಂತಿಸಿ ಫಲವಿಲ್ಲ. ನಮ್ಮ ಕೈಯಲ್ಲಿರುವುದು ಶ್ರಮದ ಪ್ರಮಾಣ. ಆಯುರ್ವೇದವು ವ್ಯಾಯಾಮಕ್ಕೆ ಅರ್ಧಶಕ್ತಿಯ ಮಿತಿಯನ್ನು ಹೇಳುತ್ತದೆ. ಹಣೆ, ಮೂಗು, ಕಂಕುಳು ಹಾಗೂ ಕೀಲುಗಳಲ್ಲಿ ಬೆವರು ಮೂಡಿ, ಬಾಯಿ ಒಣಗತೊಡಗಿದರೆ ಆ ಮಿತಿ ತಲುಪಿತೆಂದು ತಿಳಿಯಬೇಕು. ಬೇಸಿಗೆಯಲ್ಲಿ ಅದಕ್ಕಿಂತಲೂ ಕಡಿಮೆ ಸಾಕು. ಸ್ಪರ್ಧೆಗೆ ಇಳಿಯುವವನಿಗೆ ಇಷ್ಟೇ ಸಾಲದು ಎಂಬುದು ನಿಜ. ಆದರೆ ಓಡುವಾಗ ಸ್ನಾಯುಗಳು ಸವೆಯುತ್ತವೆ, ಅವು ಬಲಗೊಳ್ಳುವುದು ಬಿಡುವಿನಲ್ಲಿ. ನಿತ್ಯವೂ ಗಡಿಯಾರ ಹಿಡಿದು ಪೂರ್ಣ ವೇಗದಲ್ಲಿ ಓಡುವವನ ವೇಗ ಕೆಲವು ವಾರಗಳಲ್ಲಿ ಕುಗ್ಗುತ್ತದೆ, ಮೊಣಕಾಲೂ ನೋಯುತ್ತದೆ. ವಾರಕ್ಕೆ ಎರಡು ದಿನ ಕಠಿಣ ಓಟ, ಉಳಿದ ದಿನ ಅರ್ಧಶಕ್ತಿಯ ಓಟ, ಒಂದು ದಿನ ಪೂರ್ಣ ವಿಶ್ರಾಂತಿ ಎಂಬುದು ನಮ್ಮ ಸಲಹೆ. ವಿಶ್ರಾಂತಿಯ ದಿನ ಮಗನನ್ನು ಸೋಮಾರಿಯೆಂದು ಗದರಿಸುವ ತಂದೆಯರೂ ಇದನ್ನು ಓದಲಿ.

ನಿದ್ರೆಯನ್ನು ಚರಕಾಚಾರ್ಯರು ಶರೀರದ ಉಪಸ್ತಂಭಗಳಲ್ಲಿ ಒಂದೆಂದು ಎಣಿಸಿದ್ದಾರೆ. 2011ರಲ್ಲಿ ಪ್ರಕಟವಾದ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ 11 ಮಂದಿ ಬಾಸ್ಕೆಟ್‌ಬಾಲ್ ಆಟಗಾರರಿಗೆ ಕೆಲವು ವಾರ ಹೆಚ್ಚು ನಿದ್ರಿಸಲು ತಿಳಿಸಲಾಯಿತು. ಅವರ ಸರಾಸರಿ ಓಟದ ಸಮಯ 16.2 ಸೆಕೆಂಡುಗಳಿಂದ 15.5ಕ್ಕೆ ಇಳಿಯಿತು. ಸಣ್ಣ ಅಧ್ಯಯನವಾದರೂ ಉಪೇಕ್ಷಿಸುವಂಥದಲ್ಲ. ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡಿ ನಾಲ್ಕಕ್ಕೆ ಎದ್ದು ಓಡುವವನಿಗೆ ಯಾವ ಲೇಹ್ಯವೂ ನೆರವಾಗದು.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ರಕ್ತಪರೀಕ್ಷೆಗೆ ಒತ್ತಾಯಿಸುತ್ತೇವೆ. ಸ್ನಾಯುಗಳಿಗೆ ಆಮ್ಲಜನಕವನ್ನು ಒಯ್ಯುವುದು ಹಿಮೋಗ್ಲೋಬಿನ್. ಅದು ಸ್ತ್ರೀಯರಲ್ಲಿ 12 ಗ್ರಾಂಗಿಂತ, ಪುರುಷರಲ್ಲಿ 13 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇ. 57ರಷ್ಟು ಮಂದಿಗೆ ಈ ತೊಂದರೆಯಿದೆ. ಏದುಸಿರು ಬಿಡುವ ಹುಡುಗಿಗೆ ಅಭ್ಯಾಸ ಸಾಲದೆಂದು ಇನ್ನಷ್ಟು ಓಡಿಸುವುದು ಅನ್ಯಾಯ. ನುಗ್ಗೆಸೊಪ್ಪು, ಮೊಳಕೆಕಾಳು, ರಾಗಿಯ ಜೊತೆಗೆ ನಿಂಬೆರಸವಿರಲಿ. ಊಟದ ಬೆನ್ನಿಗೇ ಚಹಾ ಬೇಡ, ಅದು ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತದೆ. ಕೊರತೆ ಹೆಚ್ಚಿದ್ದರೆ ಆಹಾರವೊಂದೇ ಸಾಲದು, ವೈದ್ಯರು ಕೊಡುವ ಔಷಧಿಯೂ ಬೇಕು.

ಪ್ರಾಣಕ್ಕೇ ಎರವಾಗಬಹುದಾದುದು ಉಷ್ಣ. 2024ರ ಆಗಸ್ಟ್ ಕೊನೆಯಲ್ಲಿ ಜಾರ್ಖಂಡ್ ರಾಜ್ಯದ ಅಬಕಾರಿ ಪೇದೆ ನೇಮಕಾತಿಯ 10 ಕಿಲೋಮೀಟರ್ ಓಟದ ಸಂದರ್ಭದಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಮೃತಪಟ್ಟರು. ಸರ್ಕಾರವು ಓಟವನ್ನು ಕೆಲ ದಿನ ನಿಲ್ಲಿಸಿ, ಬೆಳಿಗ್ಗೆ 9ರ ನಂತರ ನಡೆಸಬಾರದೆಂದು ಆದೇಶಿಸಿತು. ದೇಹವು ಬಿಸಿಲಿಗೆ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಬೆವರಿನಿಂದ ದೇಹತೂಕದ ಶೇ. 2ರಷ್ಟು, ಎಂದರೆ 60 ಕಿಲೋ ತೂಕದವನಿಗೆ 1.2 ಕಿಲೋ, ಕಳೆದರೂ ಓಟ ಕುಂದುತ್ತದೆ. ಉಪ್ಪು ಬೆರೆಸಿದ ಮಜ್ಜಿಗೆ ಇದಕ್ಕೆ ಹಿತ. ಜ್ವರವಿದ್ದ ದಿನ, ಜ್ವರ ಬಿಟ್ಟ ಮರುದಿನವೂ, ಓಡಲೇಬಾರದು. ಓಡುತ್ತಿರುವವನು ತಡವರಿಸಿ ಅಸಂಬದ್ಧವಾಗಿ ಮಾತನಾಡಿದರೆ ಅದನ್ನು ಬರಿಯ ಆಯಾಸವೆಂದು ಭಾವಿಸದೆ ನೆರಳಿಗೆ ತಂದು, ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸುತ್ತಾ, 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಹಾಕಬಾರದು.

ಇನ್ನು ಔಷಧಿ. ಅಶ್ವಗಂಧವನ್ನು ನಾವೂ ಕೊಡುತ್ತೇವೆ, ಆದರೆ ಪ್ರಕೃತಿಯನ್ನೂ ಜೀರ್ಣಶಕ್ತಿಯನ್ನೂ ನೋಡಿದ ಮೇಲೆ. ಹೆಸರು ತಿಳಿಯದ ಚುಚ್ಚುಮದ್ದನ್ನೋ ಪುಡಿಯನ್ನೋ ಯಾರು ಕೊಟ್ಟರೂ ನಿರಾಕರಿಸಬೇಕು. ಅವು ಹೃದಯಕ್ಕೆ ಹಾನಿ ಮಾಡಬಲ್ಲವು. ಪರೀಕ್ಷೆಯ ದಿನ ಓಟಕ್ಕೆ ಎರಡು ಮೂರು ಗಂಟೆ ಮೊದಲು, ಮೈಗೆ ಒಗ್ಗಿದ ಲಘು ಆಹಾರ ಸೇವಿಸುವುದು ಉತ್ತಮ. ಅಂದೇ ಹೊಸ ಬೂಟು ತೊಡುವುದೂ ಬೇಡ.