ಹರಿವು ಸ್ಥಿತಿ ಮತ್ತು ಯಕ್ಷಗಾನ: ಪರೀಕ್ಷಾ ಟಿಪ್ಪಣಿ

1. ಹರಿವು ಅಥವಾ ಫ್ಲೋ: ಮಾಡುವ ಕೆಲಸದಲ್ಲೇ ಪೂರ್ಣ ತನ್ಮಯತೆ. ಪ್ರತಿಪಾದಕ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ (1934–2021). ಅವರ 1975ರ ಕೃತಿಯಲ್ಲೇ ರಾಕ್ ನೃತ್ಯಗಾರರ ಅಧ್ಯಯನವಿದೆ. ‘ಫ್ಲೋ’ ಪುಸ್ತಕ 1990ರದು. ವರ್ಷ ಅದಲುಬದಲಾಗದಿರಲಿ.

2. ಷರತ್ತುಗಳು: ಸ್ಪಷ್ಟ ಗುರಿ, ತಕ್ಷಣದ ಹಿಮ್ಮಾಹಿತಿ, ಸವಾಲು–ಕೌಶಲಗಳ ಸಮತೋಲನ. ಸವಾಲು ಮಿಕ್ಕರೆ ಆತಂಕ, ಕೌಶಲ ಮಿಕ್ಕರೆ ಬೇಸರ.

3. ನಿದರ್ಶನ: ಯಕ್ಷಗಾನ. ವೇಷಧಾರಿಯ ಹೆಜ್ಜೆ ತಪ್ಪಿದ್ದು ಭಾಗವತರ ತಾಳದಲ್ಲಿ, ಚೆಂಡೆಯ ಪೆಟ್ಟಿನಲ್ಲಿ ಆ ಕ್ಷಣವೇ ಗೊತ್ತಾಗುತ್ತದೆ. ಪದ್ಯ ಮೊದಲೇ ರಚಿತ; ಅರ್ಥ, ಅಂದರೆ ವೇಷಧಾರಿಯ ಮಾತು, ಆಶುವಾಗಿ ಹುಟ್ಟುತ್ತದೆ. ಕುಣಿತ ಮೈಗೂಡಿದಷ್ಟೂ ಮನಸ್ಸಿಗೆ ಮಾತು ಕಟ್ಟಲು ಬಿಡುವಾಗುತ್ತದೆ. ವಿವರಣಾತ್ಮಕ ಉತ್ತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕರಾವಳಿಯಲ್ಲಿಲ್ಲ, ತಪ್ಪದೆ ಬರೆಯಿರಿ.

4. ಉಡುಪಿ ಯಕ್ಷಗಾನ ಕೇಂದ್ರ: 1971, ಶಿವರಾಮ ಕಾರಂತರ ಪ್ರಯೋಗಗಳ ನೆಲೆ, ಈಗ ಮಣಿಪಾಲದ ಮಾಹೆ ವಿಶ್ವವಿದ್ಯಾಲಯದ ಅಂಗ.

ಗೊಂದಲದ ಅಂಶಗಳು
• ಯಕ್ಷಗಾನದ ಶೈಲಿಗಳಲ್ಲಿ ಮಂಡಿ ಕುಣಿತ ಬಡಗುತಿಟ್ಟಿನದು, ಧೀಂಗಿಣ ತೆಂಕುತಿಟ್ಟಿನದು.
• ಕಾರಂತರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದದ್ದು ‘ಯಕ್ಷಗಾನ ಬಯಲಾಟ’ (1959). ಜ್ಞಾನಪೀಠ (1977) ‘ಮೂಕಜ್ಜಿಯ ಕನಸುಗಳು’ ಕೃತಿಗೆ.
• ಹರಿವು ≠ ದರ್ಶನ (ಮೈಮೇಲೆ ದೈವ ಬರುವುದು). ಕಾಪು, ಕಾರ್ಕಳದ ಕೋಲಗಳ ದರ್ಶನ ದೈವಾರಾಧನೆಯ ವಿಧಿ. ಅಲ್ಲಿ ಮಾತು ದೈವದ್ದೆಂದೇ ನಂಬಿಕೆ. ಹರಿವಿನಲ್ಲಿ ‘ನಾನು ಹೇಗೆ ಕಾಣುತ್ತೇನೆ’ ಎಂಬ ಚಿಂತೆ ಮಾತ್ರ ಕರಗುತ್ತದೆ, ಕ್ರಿಯೆಯ ಮೇಲಿನ ಹಿಡಿತ ಉಳಿಯುತ್ತದೆ.