ಬೋಧನಾಭ್ಯಾಸ ಪಾಠ: ತಂತ್ರಾಂಶ ಕಟ್ಟಲು ಸ್ವಚ್ಛ ಶೆಲ್ ಪರಿಸರ

ವಿಷಯ: ಗಣಕ ವಿಜ್ಞಾನ. ಹಂತ: ಪದವಿಪೂರ್ವ. ಅವಧಿ: 45 ನಿಮಿಷ.
ಸಾಧನಗಳು: ಲಿನಕ್ಸ್ ಗಣಕ, ಬ್ಯಾಷ್ ಶೆಲ್, ಸಿ ಕಂಪೈಲರ್, ಮೇಕ್, ಕಪ್ಪುಹಲಗೆ.

ಪಾಠದ ಅಗತ್ಯ

ಯಾದಗಿರಿಯ ಲ್ಯಾಬಿನಲ್ಲಿ ಸಿದ್ಧಪಡಿಸಿದ ಪಾಠವನ್ನು ಪ್ರಶಿಕ್ಷಣಾರ್ಥಿ ಶಹಾಪುರದಲ್ಲೋ ಸುರಪುರದಲ್ಲೋ ನಡೆಸಬೇಕಾಗುತ್ತದೆ. ಅದೇ ಪ್ರೋಗ್ರಾಂ ಒಂದು ಯಂತ್ರದಲ್ಲಿ ಸರಿಯಾಗಿ ಕಟ್ಟಿಕೊಂಡು, ಇನ್ನೊಂದರಲ್ಲಿ ದೋಷ ತೋರಿಸಬಹುದು. ಆಗ ವಿದ್ಯಾರ್ಥಿ ತಪ್ಪು ತನ್ನದೇ ಎಂದುಕೊಂಡು ಸರಿಯಾದ ಸಾಲುಗಳನ್ನೇ ಅಳಿಸಿ ಬರೆಯುತ್ತಾನೆ. ದೋಷ ಪ್ರೋಗ್ರಾಂನದೋ ಪರಿಸರದ್ದೋ ಎಂದು ಬೇರ್ಪಡಿಸಿ ತೋರಿಸುವುದು ಶಿಕ್ಷಕರ ಹೊಣೆ.

ಕಲಿಕಾ ಫಲಗಳು

1. ಪರಿಸರ ಚರ ಎಂದರೇನೆಂದು ಉದಾಹರಣೆಯೊಂದಿಗೆ ಹೇಳುವರು.
2. ಖಾಲಿ ಪರಿಸರದಲ್ಲಿ ಶೆಲ್ ತೆರೆಯುವರು.
3. ಕಟ್ಟುವಿಕೆಗೆ ಬೇಕಾದ ಚರಗಳನ್ನಷ್ಟೇ ಆರಿಸಿ ಕೊಡುವರು.

ಪೀಠಿಕೆ (8 ನಿಮಿಷ)

ಒಂದು ಕಡತದಲ್ಲಿ ಯಾದಗಿರಿ, ಶಹಾಪುರ, ಸುರಪುರ ಎಂಬ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿ. ಶಹಾಪುರದ ಮೊದಲಕ್ಷರ ಮಾತ್ರ ಚಿಕ್ಕದಿರಲಿ. ಭಾರತೀಯ ಇಂಗ್ಲಿಷ್ ಲೊಕೇಲ್‌ನಲ್ಲಿ ಸಾರ್ಟ್ ಆಜ್ಞೆ ಕೊಟ್ಟರೆ ಶಹಾಪುರ, ಸುರಪುರ, ಯಾದಗಿರಿ ಎಂಬ ಕ್ರಮ ಬರುತ್ತದೆ. ಎಲ್‌ಸಿ_ಆಲ್ ಚರಕ್ಕೆ ಸಿ ಎಂಬ ಮೌಲ್ಯ ಕೊಟ್ಟು ಮತ್ತೆ ನಡೆಸಿದರೆ ಸುರಪುರ, ಯಾದಗಿರಿ, ಶಹಾಪುರ ಎಂದಾಗುತ್ತದೆ. ಅಲ್ಲಿ ದೊಡ್ಡಕ್ಷರಗಳೆಲ್ಲ ಮೊದಲು.

ಪ್ರಶ್ನೆ: ಕಡತವೂ ಒಂದೇ, ಆಜ್ಞೆಯೂ ಒಂದೇ. ಬದಲಾದದ್ದು ಯಾವುದು?

ಬೋಧನಾ ಹಂತಗಳು (25 ನಿಮಿಷ)

ಹಂತ 1. ಎಕ್ಸ್‌ಪೋರ್ಟ್ ಆಜ್ಞೆಯಿಂದ ‘ಊರು’ ಎಂಬ ಚರಕ್ಕೆ ಸುರಪುರ ಎಂಬ ಮೌಲ್ಯ ಕೊಡಿ. ಒಳಗೆ ಇನ್ನೊಂದು ಬ್ಯಾಷ್ ತೆರೆದು ಎಕೋ ಮಾಡಿಸಿ. ಸುರಪುರ ಎಂದೇ ಬರುತ್ತದೆ. ತಾಯಿ ಶೆಲ್ಲಿನ ಎಕ್ಸ್‌ಪೋರ್ಟ್ ಆದ ಚರಗಳು ಮಗು ಶೆಲ್ಲಿಗೂ ಕಂಪೈಲರಿಗೂ ಹರಿಯುತ್ತವೆ ಎಂಬುದನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಿ.

ಹಂತ 2. ‘ಎನ್ವ್ -ಐ ಬ್ಯಾಷ್ --ನೋಆರ್‌ಸಿ’ ಎಂದು ಕೊಡಿ. ‘-ಐ’ ಪರಿಸರವನ್ನು ಬರಿದು ಮಾಡುತ್ತದೆ. ‘--ನೋಆರ್‌ಸಿ’ ಆರಂಭಿಕ ಕಡತಗಳಿಂದ ಹಳೆಯ ಮೌಲ್ಯಗಳು ಮರಳದಂತೆ ತಡೆಯುತ್ತದೆ. ಈಗ ‘ಊರು’ ಖಾಲಿ. ಎನ್ವ್ ಎಂದು ಕೊಟ್ಟರೆ ಬ್ಯಾಷ್ ತಾನೇ ಸೇರಿಸಿಕೊಂಡ ಕೆಲವು ಸಾಲುಗಳಷ್ಟೇ ಉಳಿದಿರುತ್ತವೆ.

ಹಂತ 3. ಎಕ್ಸಿಟ್ ಮಾಡಿ, ಅದೇ ಆಜ್ಞೆಯಲ್ಲಿ ‘-ಐ’ ಆದ ಮೇಲೆ ನಾಲ್ಕು ಚರಗಳನ್ನು ಸೇರಿಸಿ: ಹೋಮ್, ಟರ್ಮ್, ಪಾಥ್, ಎಲ್‌ಸಿ_ಆಲ್. ಪಾಥ್‌ಗೆ ಯುಎಸ್‌ಆರ್ ಕೆಳಗಿನ ಬಿನ್ ಫೋಲ್ಡರ್ ಸಾಕು. ಒಳಗೆ ಹೋದ ಮೇಲೆ ಯುಮಾಸ್ಕ್ 022 ಎಂದು ಕೊಡಿ. ಹೊಸ ಕಡತಗಳನ್ನು ಒಡೆಯ ಮಾತ್ರ ತಿದ್ದಬಹುದು, ಉಳಿದವರು ಓದಬಹುದು. 1999ರಲ್ಲಿ ಜೆರಾರ್ಡ್ ಬೀಕ್‌ಮನ್ಸ್ ಆರಂಭಿಸಿದ ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಕೈಪಿಡಿಯೂ ಇಡೀ ವ್ಯವಸ್ಥೆಯನ್ನು ಕಟ್ಟುವ ಮುನ್ನ ಇಂಥ ಪರಿಸರವನ್ನೇ ಸಿದ್ಧಪಡಿಸಿಕೊಳ್ಳಲು ಹೇಳುತ್ತದೆ.

ಹಂತ 4. ಬಳಸದ ಒಂದು ಚರವಿರುವ ಪುಟ್ಟ ಸಿ ಪ್ರೋಗ್ರಾಂ ಕೊಡಿ. ಹಳೆಯ ಶೆಲ್ಲಿನಲ್ಲಿ ಸಿಫ್ಲ್ಯಾಗ್ಸ್ ಚರಕ್ಕೆ ‘-ವಾಲ್ -ವೆರರ್’ ಎಂದು ಎಕ್ಸ್‌ಪೋರ್ಟ್ ಮಾಡಿ ಮೇಕ್ ನಡೆಸಿ. ಎಚ್ಚರಿಕೆಯೇ ದೋಷವಾಗಿ ಕೆಲಸ ನಿಲ್ಲುತ್ತದೆ. ಸ್ವಚ್ಛ ಶೆಲ್ಲಿನಲ್ಲಿ ಅದೇ ಪ್ರೋಗ್ರಾಂ ಕಟ್ಟಿಕೊಳ್ಳುತ್ತದೆ. ಪೀಠಿಕೆಯ ಪ್ರಶ್ನೆಗೆ ಇಲ್ಲಿ ತರಗತಿಯಿಂದ ಉತ್ತರ ಪಡೆಯಿರಿ.

ಕಠಿಣಾಂಶ

ಶೆಲ್ ಸ್ವಚ್ಛವಾದರೆ ಗಣಕವೇ ಸ್ವಚ್ಛವಾಯಿತೆಂದು ಮಕ್ಕಳು ತಿಳಿಯುತ್ತಾರೆ. ಕಂಪೈಲರಿನ ಆವೃತ್ತಿ, ಡಿಸ್ಕಿನಲ್ಲಿ ಉಳಿದ ಹಳೆಯ ಆಬ್ಜೆಕ್ಟ್ ಕಡತಗಳು ಇದ್ದ ಹಾಗೇ ಇರುತ್ತವೆ. ಹೊರಗಿನ ಶೆಲ್ ಕೂಡ ಬದಲಾಗಿಲ್ಲ. ಎಕ್ಸಿಟ್ ಮಾಡಿ ತೋರಿಸಿ.

ಮೌಲ್ಯಮಾಪನ (12 ನಿಮಿಷ)

1. ಎಕ್ಸ್‌ಪೋರ್ಟ್ ಮಾಡದ ಚರ ಮಗು ಶೆಲ್ಲಿಗೆ ಸಿಗುವುದೇ? ಮಾಡಿ ನೋಡಿ.
2. ‘--ನೋಆರ್‌ಸಿ’ ಬಿಟ್ಟರೆ ಯಾವ ಮೌಲ್ಯಗಳು ಮರಳಬಹುದು?
3. ಎಲ್‌ಸಿ_ಆಲ್ ನಿಗದಿಪಡಿಸದಿದ್ದರೆ ಕಡತಗಳ ಕ್ರಮವನ್ನು ನೆಚ್ಚಿದ ಕಟ್ಟುವಿಕೆಗೆ ಏನಾಗಬಹುದು?

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಇಲ್ಲಿ ಆಜ್ಞೆಗಳನ್ನೂ ಚರಗಳನ್ನೂ ಉಚ್ಚಾರಣೆಯಂತೆ ಬರೆದಿದೆ. ಹಲಗೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ. ಪಾಠದ ಹಿಂದಿನ ದಿನ ಆ ಶಾಲೆಯ ಯಂತ್ರದಲ್ಲೇ ನಾಲ್ಕೂ ಹಂತಗಳನ್ನು ನಡೆಸಿ, ಬಂದ ಫಲಿತಾಂಶವನ್ನು ಪಾಠಯೋಜನೆಯಲ್ಲಿ ದಾಖಲಿಸಿ. ವಿದ್ಯಾರ್ಥಿಯ ಪ್ರೋಗ್ರಾಂ ದೋಷ ತೋರಿದಾಗ ಅಂಕ ಕಳೆಯುವ ಮೊದಲು ಅದನ್ನು ಸ್ವಚ್ಛ ಶೆಲ್ಲಿನಲ್ಲಿ ಒಮ್ಮೆ ಕಟ್ಟಿಸಿ ನೋಡಿ.